ಬರಿಗೈಯ ಮುಳುಗು

ನೀರಿನ ತಳಕ್ಕೂ ನಮಗೂ ಇರುವ ಸಂಬಂಧ ಬರೀ ವ್ಯವಹಾರದ್ದು. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ ನೆರೆಮನೆಯಿಂದ ಪಾತಾಳಗರಡಿ ತರುತ್ತೇವೆ. ಅದಕ್ಕೂ ಸಿಕ್ಕದಿದ್ದರೆ ಮುಳುಗು ಹಾಕುವವನನ್ನು ಕರೆಯುತ್ತೇವೆ. ಅವನು ಕೊಡ ಹಿಡಿದು ಮೇಲೆ ಬಂದರೆ ಸರಿ. ಬರಿಗೈಯಲ್ಲಿ ಬಂದನೋ, ಕೂಲಿಯೂ ಇಲ್ಲ, ಮರ್ಯಾದೆಯೂ ಇಲ್ಲ. ನಮ್ಮ ಸೀಮೆಯಲ್ಲಿ ನೆಲದೊಳಕ್ಕೆ ಇಳಿದವರ ಲೆಕ್ಕವೂ ಇಷ್ಟೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಗೆ ಬೆಂಕಿಯಿಟ್ಟು ಸೀಳಿ, ಆರುನೂರು ಅಡಿಯ ಆಳಕ್ಕೆ ಇಳಿದದ್ದು ಚಿನ್ನಕ್ಕಾಗಿ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದುದರಿಂದ.

ಇಂಥ ಸೀಮೆಯ ಮೂವರು ನಡುವಯಸ್ಸಿನವರು, ಲಿಂಗಸುಗೂರಿನ ಮಾಸ್ತರು, ಮಸ್ಕಿಯ ಬಟ್ಟೆ ಅಂಗಡಿಯ ಸಾಹುಕಾರರು, ಸಿಂಧನೂರಿನ ನಾನು, 'ಸಮುದ್ರದ ತಳವನ್ನು ಸುಮ್ಮನೆ ನೋಡಿಬರುತ್ತೇವೆ' ಎಂದು ಹೊರಟರೆ ಜನ ನಗದೆ ಇರುತ್ತಾರೆಯೇ? ರವಿವಾರಕ್ಕೊಮ್ಮೆ ತೋಟದ ಬಾವಿಯಲ್ಲಿ ಈಜಲು ಸೇರುವ ಕೂಟ ನಮ್ಮದು. ಅದಕ್ಕೆ ಹೆಸರಿಲ್ಲ, ವಂತಿಗೆಯಿಲ್ಲ, ಅಧ್ಯಕ್ಷರಿಲ್ಲ. ಆದ್ದರಿಂದಲೇ ಇನ್ನೂ ಒಡೆದಿಲ್ಲ.

ನಗದೆ ಇದ್ದವಳು ನಮ್ಮವ್ವ ಒಬ್ಬಳೇ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಊರು ಉಂಡು ಬೆಳೆಯಿತು. ಆ ಕಾಲುವೆಯೇ ನನ್ನ ಅಣ್ಣನನ್ನು ಅವನ ಹದಿನಾಲ್ಕನೆಯ ವಯಸ್ಸಿನಲ್ಲಿ ಒಯ್ದಿತು. ಮೂರನೆಯ ದಿನ ಮುಳುಗು ಹಾಕುವವನೊಬ್ಬ ರಾಡಿ ನೀರಿನಲ್ಲಿ ತಡವಿ ತಡವಿ ಅವನನ್ನು ಮೇಲೆ ತಂದ. ಅಂದಿನಿಂದ ಅವ್ವ ಕಾಲುವೆಯ ದಂಡೆ ಮೆಟ್ಟಿದವಳಲ್ಲ. ನಾನು ಸಮುದ್ರದ ಮಾತೆತ್ತಿದಾಗ ಬಹಳ ಹೊತ್ತು ಸುಮ್ಮನಿದ್ದು, "ಆ ತಳದಾಗ ನಿಂದೇನೈತಿ ಅಂತ ಹೊಂಟೀಯಪಾ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ಕಡಲಿನೊಳಗೆ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿಗೆ ದೋಣಿಗಳು ಹೋಗುತ್ತವೆ. ಬೆನ್ನಿಗೆ ಕಟ್ಟುವ ಉರುಳೆಯಲ್ಲಿ ಇರುವುದು ಆಮ್ಲಜನಕ ಎಂದು ಮಾಸ್ತರು ದಾರಿಯುದ್ದಕ್ಕೂ ನಮಗೆ ಪಾಠ ಹೇಳಿದ್ದರು. ಅದು ನಾವು ದಿನವೂ ಉಸಿರಾಡುವ ಗಾಳಿಯೇ ಎಂದು ತರಬೇತಿಯ ಹುಡುಗ ತಿಳಿಸಿದ. 12 ಲೀಟರಿನ ಉರುಳೆಯಲ್ಲಿ 2,400 ಲೀಟರಿನಷ್ಟು ಗಾಳಿಯನ್ನು ಒತ್ತಿ ತುಂಬಿರುತ್ತಾರಂತೆ. ಅದನ್ನು ಬೇಕಾದಾಗ ಬೇಕಾದಷ್ಟೇ ಬಾಯಿಗೆ ಬಿಡುವ ಉಪಾಯವನ್ನು 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾ ಎಂಬಿಬ್ಬರು ಹೂಡಿದರು.

ಬಾವಿಯ ವಿದ್ಯೆ ಇಲ್ಲಿ ತಲೆಕೆಳಗು. ಉಸಿರು ಬಿಗಿಹಿಡಿದವನೇ ಅಲ್ಲಿ ಜಾಣ. ಇಲ್ಲಿ ಉಸಿರು ಹಿಡಿಯಬಾರದೆಂಬುದೇ ಮೊದಲ ನಿಯಮ. ಹತ್ತು ಮೀಟರು ಇಳಿದರೆ ಒತ್ತಡ ಇಮ್ಮಡಿ. ಅಲ್ಲಿ ಎದೆತುಂಬ ಎಳೆದುಕೊಂಡ ಉಸಿರನ್ನು ಬಿಡದೆ ಮೇಲೆ ಬಂದರೆ, ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಸೀಳೀತು. ಸನ್ನೆಯ ಭಾಷೆಯೂ ಬೇರೆ. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಮೊದಲ ಮೀನು ಕಂಡ ಆನಂದಕ್ಕೆ ನಮ್ಮ ಸಾಹುಕಾರರು 'ಭೇಷ್' ಎಂದು ಹೆಬ್ಬೆರಳೆತ್ತಿದರು. ಹುಡುಗ ಅವರನ್ನು ಮರ್ಯಾದೆಯಿಂದ ಮೇಲಕ್ಕೆ ಕರೆದೊಯ್ದ.

ನಾನು ಎಂಟು ಮೀಟರಿನಷ್ಟು ಇಳಿದಿದ್ದೆ. ಮೂಗು ಹಿಡಿದು ಊದಿದಾಗ ಕಿವಿಯ ನೋವು ಬಿಟ್ಟಿತು. ಮರಳಿ ಬಂದ ಸಾಹುಕಾರರ ಮುಂಗೈಯ ಕೆಂಪು ದಾರ ಕಂದಾಗಿ ಕಂಡಿತು. ನೀರು ಬಣ್ಣಗಳಲ್ಲಿ ಮೊದಲು ನುಂಗುವುದು ಕೆಂಪನ್ನೇ. ಹವಳವೆಂದರೆ ತಾಳಿಯ ಮಗ್ಗುಲಿನ ಕೆಂಪು ಮಣಿ ಎಂದು ತಿಳಿದಿದ್ದ ನನಗೆ, ಬಂಡೆಗೆ ಕಚ್ಚಿಕೊಂಡ ಕಂದು ಹಸಿರಿನ ಜೀವ ಹೊಸದು. ಸಾಸಿವೆ, ಕಡಲೆ ಗಾತ್ರದ ಸಾವಿರಾರು ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ ಅದು. ಅವುಗಳ ಮೈಯೊಳಗಿನ ಪಾಚಿ ಬಿಸಿಲಿನಿಂದ ಅವಕ್ಕೆ ಅನ್ನ ಬೇಯಿಸುತ್ತದೆ. ನೀರು ಕೆಲವು ವಾರ ಒಂದು ಡಿಗ್ರಿಯಷ್ಟು ಹೆಚ್ಚು ಕಾದರೂ ಸಾಕು, ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಲೋಕದ ಹವಳಗಳಿಗೆ ನಾಲ್ಕನೆಯ ಸಲ ಹೀಗಾಗುತ್ತಿದೆಯೆಂದು ವಿಜ್ಞಾನಿಗಳು ಸಾರಿದ್ದು 2024ರ ಏಪ್ರಿಲಿನಲ್ಲಿ. ನೇತ್ರಾಣಿಯ ಪಾಡು ಬೇರೆಯೂ ಇತ್ತು: ನೌಕಾಪಡೆ ಗುಂಡಿನ ಗುರಿಯಭ್ಯಾಸಕ್ಕೆ ಬಳಸಿದ ಬಂಡೆ ಇದು. ಅದರ ಬುಡದಲ್ಲಿ ಗಿಳಿಮೀನುಗಳು ತಮ್ಮ ಪಾಡಿಗೆ ತಾವು ಕಲ್ಲು ಕೆರೆದು ಮೇಯುತ್ತಿದ್ದವು.

ಏನನ್ನೂ ಮುಟ್ಟಬೇಡಿ, ಏನನ್ನೂ ತರಬೇಡಿ ಎಂದು ಹುಡುಗ ಮೊದಲೇ ಹೇಳಿದ್ದ. ಮುಳುಗಿದ ಹಡಗುಗಳನ್ನು ನೋಡಲು ಗೋವೆಯ ಗ್ರ್ಯಾಂಡ್ ದ್ವೀಪದ ಕಡೆ ಹೋಗುವವರಿಗೂ ಇದೇ ಮಾತು. ಒಂದು ಮೊಳೆಯನ್ನೂ ಕೀಳಬಾರದು. ಕೈಕಟ್ಟಿಕೊಂಡು ತೇಲುತ್ತಿದ್ದಾಗ ನನಗೆ ಅನಿಸಿತು: ನಲವತ್ತು ವರ್ಷ ನೀರಿನ ತಳವೆಂದರೆ ನನಗೆ ಕತ್ತಲೆ, ಅಲ್ಲಿಂದ ಯಾರನ್ನೋ ತರಬೇಕಾದ ಜಾಗ. ಇಲ್ಲಿ ತರಬೇಕಾದದ್ದು ಏನೂ ಇರಲಿಲ್ಲ. ಅಣ್ಣ ನೆನಪಾದ, ಆದರೆ ಮೊದಲ ಬಾರಿಗೆ, ಅವನು ಬಾವಿಗೆ ಧುಮುಕಿ ನಗುತ್ತ ಎದ್ದುಬರುತ್ತಿದ್ದ ಹುಡುಗನಾಗಿ ನೆನಪಾದ.

ಮನೆಗೆ ಬಂದಾಗ ಅವ್ವ ನನ್ನ ಚೀಲದ ಕಡೆ ನೋಡಲೇ ಇಲ್ಲ. ಸೆರಗಿನಲ್ಲಿ ಕೈ ಒರೆಸುತ್ತ, "ಅಲ್ಲಿ ತಳದಾಗ ಬೆಳಕಿತ್ತೇನು?" ಎಂದು ಕೇಳಿದಳು.

"ಇತ್ತವ್ವಾ. ಮರಳಿನ ಮ್ಯಾಲೆ ನನ್ನ ನೆರಳು ಕಾಣಸ್ತಿತ್ತು."

ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಕೈಕಾಲು ತೊಳ್ಕೊ, ಉಣ್ಣಾಕ ನೀಡ್ತೀನಿ" ಎಂದು ಒಳಗೆ ಹೋದಳು.