ಘಟ್ಟದ ದಾರಿಗೆ ಬ್ಯಾಟರಿಯ ಬುತ್ತಿ

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಈ ದಾರಿ ನಿಮಗೆ ಹೊಸತೇನಲ್ಲ. ತವರಿಗೆ, ಮದುವೆಗೆ, ಮಗನ ಕಾಲೇಜಿಗೆ ಎಂದು ಎಷ್ಟೋ ಬಾರಿ ರಾತ್ರಿ ಬಸ್ಸಿನಲ್ಲಿ ನಿದ್ದೆಗಣ್ಣಲ್ಲೇ ದಾಟಿರುತ್ತೀರಿ. ಆದರೆ ಮನೆಗೆ ವಿದ್ಯುತ್ ಕಾರು ಬಂದ ಮೇಲೆ ಅದೇ ದಾರಿ ಬೇರೆಯಾಗಿ ಕಾಣತೊಡಗುತ್ತದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತ ನೀವು ಒಂದನ್ನು ಗಮನಿಸುತ್ತೀರಿ. ಕಾರು ಓಡಿಸುವವರ ಕಣ್ಣು ಪದೇ ಪದೇ ಪರದೆಯ ಅಂಕೆಯತ್ತ ಹೋಗುತ್ತಿರುತ್ತದೆ. ಇನ್ನೆಷ್ಟು ದೂರ ಓಡೀತು? ಕಾಡಿನ ನಡುವೆ ನಿಂತುಬಿಟ್ಟರೆ?

ಇದು ಹುಸಿ ಭಯವಲ್ಲ. ಲೆಕ್ಕ ಹಾಕಿ ನೋಡಿ. ಬ್ಯಾಟರಿಯ ಅಳತೆಯೂ ನಿಮ್ಮ ಕರೆಂಟು ಬಿಲ್ಲಿನಲ್ಲಿರುವ ಅದೇ ಯೂನಿಟ್. ನಿಮ್ಮದು 30 ಯೂನಿಟ್ ಬ್ಯಾಟರಿಯ ಕಾರು ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಒಂದು ಯೂನಿಟ್‌ಗೆ 7 ಕಿ.ಮೀ. ಸಿಕ್ಕಿದರೆ 210 ಕಿ.ಮೀ. ಆಯಿತು. ಹಾಸನ ಇರುವುದು ಸುಮಾರು 170 ಕಿ.ಮೀ. ದೂರದಲ್ಲಿ, ಅದಕ್ಕೆ 24 ಯೂನಿಟ್ ಸಾಕು. ಆದರೆ ಹಾಸನವಿರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಕಾರನ್ನೂ ಅದರೊಳಗಿನ ನಿಮ್ಮೆಲ್ಲರನ್ನೂ ಅಷ್ಟು ಮೇಲೆತ್ತಲು ಇನ್ನೂ ಸುಮಾರು 5 ಯೂನಿಟ್ ಬೇಕು. ಉಳಿಯುವುದು ಒಂದೇ ಯೂನಿಟ್!

ಬಿ.ಸಿ.ರೋಡ್, ಉಪ್ಪಿನಂಗಡಿ, ನೆಲ್ಯಾಡಿಯವರೆಗೆ ಎಲ್ಲವೂ ಸರಿಯಾಗಿರುತ್ತದೆ. ಗುಂಡ್ಯ ದಾಟಿ, ಕೆಂಪುಹೊಳೆ ರಸ್ತೆಯ ಪಕ್ಕದಲ್ಲೇ ಹರಿಯತೊಡಗಿದ ಮೇಲೆ ನೋಡಿ. ಒಂದೆಡೆ ದಟ್ಟ ಕಾಡು, ಮುಂದೆ ಟ್ಯಾಂಕರುಗಳ ಸಾಲು. ನೀವು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಪರದೆಯ ಅಂಕೆ ಎರಡು ಮೂರು ಇಳಿದಿರುತ್ತದೆ. ಇಲ್ಲಿ ಒಂದು ಗುಟ್ಟು ತಿಳಿದಿರಲಿ. ಈಗ ಖರ್ಚಾಗುತ್ತಿರುವ ರೀತಿಯಲ್ಲೇ ಮುಂದೆಯೂ ಖರ್ಚಾಗುತ್ತದೆಂದು ಭಾವಿಸಿ ಆ ಯಂತ್ರ ಲೆಕ್ಕ ಹೇಳುತ್ತದೆ. ಮುಂದೆ ಏರು ಮುಗಿಯುತ್ತದೆಂದು ಅದಕ್ಕೇನು ಗೊತ್ತು? ಆದ್ದರಿಂದ ಕಿಲೋಮೀಟರಿನ ಅಂಕೆಯನ್ನು ಬಿಟ್ಟು ಬ್ಯಾಟರಿ ಶೇಕಡಾ ಎಷ್ಟಿದೆ ಎಂಬುದನ್ನು ನೋಡಿ.

ಇಂತಹ ಹೊತ್ತಿನಲ್ಲೇ ನಮ್ಮ ಗಂಡಸರಿಗೆ ಮಿತವ್ಯಯ ನೆನಪಾಗುವುದು. ಮೊದಲು ಎ.ಸಿ. ಬಂದ್! ಮಗು ಬೆವರುತ್ತದೆ, ನಿಮ್ಮ ಬುರ್ಖಾ ಒದ್ದೆಯಾಗುತ್ತದೆ. ಎ.ಸಿ.ಗೆ ಗಂಟೆಗೆ ಹೆಚ್ಚೆಂದರೆ ಒಂದೂವರೆ ಯೂನಿಟ್ ತಗಲೀತು. ನಿಜವಾಗಿ ಬ್ಯಾಟರಿಯನ್ನು ತಿನ್ನುವುದು ವೇಗ. ಹಾಸನದಾಚೆಯ ಅಗಲ ರಸ್ತೆಯಲ್ಲಿ 100ರ ಬದಲು 80ರಲ್ಲಿ ಹೋದರೆ ಉಳಿಯುವುದು ಎ.ಸಿ. ನಿಲ್ಲಿಸಿದ್ದಕ್ಕಿಂತ ಹೆಚ್ಚು. ಇದನ್ನು ಮನೆಯಲ್ಲಿ ಧೈರ್ಯವಾಗಿ ಹೇಳಿ.

ಹಾಸನದವರೆಗೆ ಎಳೆಯುವ ಹಟವೂ ಬೇಡ. 130 ಕಿ.ಮೀ. ದೂರದ ಸಕಲೇಶಪುರದಲ್ಲಿ ನಿಲ್ಲಿಸಿ. ಅಲ್ಲಿಗೆ ತಲುಪುವಾಗ ಬ್ಯಾಟರಿಯಲ್ಲಿ ಶೇ. 20ರಷ್ಟು ಉಳಿದಿರುತ್ತದೆ. ವೇಗದ ಚಾರ್ಜರ್ ಅದನ್ನು ಸುಮಾರು ಒಂದು ಗಂಟೆಯಲ್ಲಿ ಶೇ. 80ಕ್ಕೆ ಮುಟ್ಟಿಸುತ್ತದೆ. ಆಮೇಲೆ ಚಾರ್ಜ್ ತುಂಬುವುದು ಬಹಳ ನಿಧಾನ, ಕಾಯುವುದು ದಂಡ. ಬೆಳಗ್ಗೆ ಒಂಭತ್ತರ ಹೊತ್ತಿಗೆ ಹೊರಟಿದ್ದರೆ ಇಲ್ಲಿ ಝುಹರ್‌ನ ಸಮಯವಾಗಿರುತ್ತದೆ. ವುಝೂ ಮಾಡಿ, ಕಸ್ರ್ ನಮಾಝ್ ಮುಗಿಸಿ, ಶಾಫಿಈಗಳಾದರೆ ಅಸರನ್ನೂ ಜೊತೆಗೇ ನಿರ್ವಹಿಸಿ, ಊಟ ಮಾಡಿ ಬರುವಷ್ಟರಲ್ಲಿ ಕಾರೂ ಸಿದ್ಧ. ರಾತ್ರಿ ಬಸ್ಸು ಎಲ್ಲಿ ನಿಲ್ಲುವುದೋ, ಶೌಚಾಲಯ ಹೇಗಿರುವುದೋ ಎಂದು ನೀರು ಕುಡಿಯಲೂ ಹೆದರಿ ಪಯಣಿಸಿದ ನಮ್ಮ ತಾಯಂದಿರಿಗೆ ಇಂತಹ ಒಂದು ಗಂಟೆ ಸಿಕ್ಕಿರಲಿಲ್ಲ.

ಆದರೆ ಜಾಗವನ್ನು ನೀವೇ ಆರಿಸಿ. ಚಾರ್ಜರ್ ಇದ್ದರೆ ಸಾಲದು. ಬೆಳಕಿರಬೇಕು, ಶುಚಿಯಾದ ಶೌಚಾಲಯವಿರಬೇಕು, ಮುಸಲ್ಲಾ ಹಾಸುವಷ್ಟು ಮೂಲೆಯಿರಬೇಕು. ಹೊರಡುವ ಮುನ್ನ ಫೋನ್ ಮಾಡಿ, ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಕೇಳಿ. ಹತ್ತಿರದಲ್ಲಿ ಇನ್ನೊಂದರ ವಿಳಾಸವೂ ಕೈಯಲ್ಲಿರಲಿ. ಹಜ್ಜ್‌ಗೆ ಹೊರಡುವವರಿಗೂ ದಾರಿಯ ಬುತ್ತಿ ಕಟ್ಟಿಕೊಳ್ಳಲು ಕುರ್‌ಆನ್ ಆದೇಶಿಸಿದೆ. ತವಕ್ಕುಲ್‌ನ ಹೆಸರಿನಲ್ಲಿ ಬರಿಗೈಯಲ್ಲಿ ಹೊರಡುವಂತಿಲ್ಲ. ಮಳೆಗಾಲದಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2018ರಲ್ಲಿ ಭೂಕುಸಿತದಿಂದ ಶಿರಾಡಿ ರಸ್ತೆಯೇ ಮುಚ್ಚಿತ್ತು. ಹಾಗಾದರೆ ಚಾರ್ಮಾಡಿಯ ಸುತ್ತುದಾರಿಗೆ ಬ್ಯಾಟರಿ ಸಾಕಾಗಬೇಕಲ್ಲ?

ಅಂದಹಾಗೆ, ಈ ಕಾರುಗಳ ಕಥೆಗೆ ನಮ್ಮ ಬೆಂಗಳೂರೇ ಒಂದು ತವರು. 2001ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಪುಟ್ಟ 'ರೇವಾ' ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಹನಫೀ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಕಸ್ರ್‌ನ ದೂರ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ಮುಸಾಫಿರ್ ಆಗುವ ಹೊತ್ತಿಗೆ ಆ ಕಾರು ನಿಂತೇಬಿಡುತ್ತಿತ್ತು!

ಹಿಂದಿರುಗುವ ದಾರಿಯ ಲೆಕ್ಕ ಬೇರೆ. ಇಳಿಜಾರಿನಲ್ಲಿ ಕಾರಿನ ಮೋಟಾರೇ ಜನರೇಟರ್ ಆಗಿ, ಹತ್ತುವಾಗ ಕೊಟ್ಟದ್ದರಲ್ಲಿ ಅರ್ಧದಷ್ಟನ್ನಾದರೂ ಬ್ಯಾಟರಿಗೆ ಮರಳಿಸುತ್ತದೆ. ಸಕಲೇಶಪುರದಲ್ಲಿ ಮಾತ್ರ ಪೂರ್ತಿ ತುಂಬಿಸಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದೆಲ್ಲಿ? ಸ್ವಲ್ಪ ಜಾಗ ಉಳಿಸಿಕೊಂಡು ನಿಧಾನವಾಗಿ ಇಳಿಯಿರಿ. ಗುಂಡ್ಯದಲ್ಲಿ ಚಹಾಕ್ಕೆ ನಿಂತಾಗ ಪರದೆಯನ್ನೊಮ್ಮೆ ನೋಡಿ. ಘಟ್ಟದ ಮೇಲೆ ಇದ್ದುದಕ್ಕಿಂತ ಅಂಕೆ ಒಂದೆರಡು ಏರಿರಲೂಬಹುದು.