ಪಗಾರವಿಲ್ಲದ ಉದ್ಯೋಗ

ಥಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರಾದ ನಮಗೆ ಉದ್ಯೋಗವೆಂದರೆ ಇಂದಿಗೂ ಮೂರೇ ಪ್ರಶ್ನೆ: ಪರ್ಮನೆಂಟೋ? ಪಗಾರ ಎಷ್ಟು? ಆಫೀಸು ಯಾವ ಸ್ಟೇಷನ್ನಿಗೆ ಹತ್ತಿರ? ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ಈ ಪ್ರಶ್ನೆಗಳೂ ಸೇರಿವೆ. ಹೀಗಾಗಿ, ಕಷ್ಟಪಟ್ಟು ಮಾಡಿದ್ದನ್ನು ಊರಿಗೆಲ್ಲ ಪುಕ್ಕಟೆ ಹಂಚುವವನನ್ನು ಕಂಡರೆ ನಮಗೆ ಮೊದಲು ಹುಟ್ಟುವುದು ಮೆಚ್ಚುಗೆಯಲ್ಲ, ಅನುಮಾನ.

ನಮ್ಮ ಸೋದರಳಿಯನೊಬ್ಬ ಐರೋಲಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಡೊಂಬಿವಲಿಯಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ವಾರವಿಡೀ ಆ ನೂಕುನುಗ್ಗಲಿನಲ್ಲಿ ಬೆಂದವನು ಭಾನುವಾರವಾದರೂ ಮಲಗಬೇಡವೇ? ಕಂಪ್ಯೂಟರಿನ ಪರದೆಯ ಮೇಲೆ ಕನ್ನಡದ ಒತ್ತಕ್ಷರ ಎಲ್ಲಿ ಎಡವುತ್ತದೆಂದು ತಿದ್ದುತ್ತ ಕೂರುತ್ತಾನೆ.

"ಇದಕ್ಕೆ ದುಡ್ಡು ಯಾರು ಕೊಡ್ತಾರೋ?" ಎಂದು ನಮ್ಮ ಅಕ್ಕ ಕೇಳಿದಳು.

"ಯಾರೂ ಇಲ್ಲಮ್ಮ. ಪಕ್ಕದ ಮನೆ ಮಾವಶಿಗೆ ನೀನು ಸಾರಿನ ಪುಡಿ ಕೊಡ್ತೀಯ, ಕೇಳಿದರೆ ಅಳತೆಯನ್ನೂ ಹೇಳ್ತೀಯಲ್ಲ, ಹಾಗೆ."

ಅಳತೆ ಹೇಳುವುದೇ ಇಲ್ಲಿಯ ಮುಖ್ಯ ಸಂಗತಿ. ಪುಡಿ ಕೊಟ್ಟು ಅಳತೆ ಮುಚ್ಚಿಟ್ಟರೆ ಅದು ಉಚಿತ, ಅಷ್ಟೆ, ಮುಕ್ತವಲ್ಲ. ಮುಕ್ತ ತಂತ್ರಾಂಶವನ್ನು ಯಾರಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ತತ್ತ್ವದ ಮೇಲೆ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಹೊರತಂದರು.

ಆದರೆ ಕೊಡುಗೈ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು, ಮುಂದೆ ಅಚ್ಚಿನ ಕ್ಷೇತ್ರಕ್ಕೆ ಬಂದವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನೆಲ್ಲ ಅಡಗಿಸಿದ ಜಾಣ್ಮೆ ಅವರದು. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಎಫ್ ಕೀಲಿ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. 'ಕನ್ನಡ' ಎಂದು ಬರೆಯಲು ಐದೇ ಒತ್ತು! ಬಾಯಲ್ಲಿ ಉಚ್ಚರಿಸುವ ಕ್ರಮವೇ ಬೆರಳಿನ ಕ್ರಮ. ಈ ವಿನ್ಯಾಸಕ್ಕೆ ಬೆಲೆ ಕಟ್ಟದೆ, ಬೇಕಾದವರು ಬಳಸಲೆಂದು ಬಿಟ್ಟುಕೊಟ್ಟರು. 1988ರ ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ 'ಸೇಡಿಯಾಪು' ಎಂದೇ ಹೆಸರಿಟ್ಟು, ಅದನ್ನೂ ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ನಿಂತಿರುವುದೂ ಆ ಕೀಲಿಮಣೆಯ ಮೇಲೆಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟದ್ದು 2013ರಲ್ಲಿ, ಅವರ 73ನೆಯ ವಯಸ್ಸಿನಲ್ಲಿ. ನಮ್ಮ ಸಂಘಗಳು ಸಿನಿಮಾದವರಿಗೆ ಹೊದಿಸಿದ ಶಾಲುಗಳಲ್ಲಿ ಒಂದನ್ನಾದರೂ ಇಂಥವರಿಗೆ ಎತ್ತಿಡಬಹುದಿತ್ತು.

ಇನ್ನೊಬ್ಬರು ಡಾ. ಯು. ಬಿ. ಪವನಜ. ವಾಶಿಯ ಖಾಡಿಯ ಆಚೆ ದಡದಲ್ಲಿರುವ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಸುಮಾರು 15 ವರ್ಷ ವಿಜ್ಞಾನಿಯಾಗಿದ್ದರು. 1996ರಲ್ಲಿ 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿ, 1997ರಲ್ಲಿ ಗಣಕದ ಕನ್ನಡಕ್ಕೆಂದೇ ನೌಕರಿ ಬಿಟ್ಟರು. ಕೇಂದ್ರ ಸರಕಾರದ ನೌಕರಿ! ನಮ್ಮ ಮನೆಗಳಲ್ಲಾಗಿದ್ದರೆ ಊರಿನಿಂದ ಅಜ್ಜಿಯನ್ನು ಕರೆಸಿ ಬುದ್ಧಿ ಹೇಳಿಸುತ್ತಿದ್ದೆವು.

ಅವರ ಲೇಖನಿಯ ಕೆಲಸವನ್ನು ನಾವು ಇನ್ನೂ ಹೆಚ್ಚೆಂದು ಎಣಿಸುತ್ತೇವೆ. 'ಕನ್ನಡಪ್ರಭ'ದಲ್ಲಿ 'ಗಣಕಿಂಡಿ', 'ಪ್ರಜಾವಾಣಿ'ಯಲ್ಲಿ 'ಗ್ಯಾಜೆಟ್ ಲೋಕ' ಅಂಕಣಗಳನ್ನು ಬರೆದರು. ಉಪಕರಣವನ್ನು ಕೈಗಿತ್ತರೆ ಸಾಲದು, ಅದು ಹೇಗೆ ನಡೆಯುತ್ತದೆಂದು ಅಂಜುವವರಿಗೂ ಅರ್ಥವಾಗುವಂತೆ ಹೇಳಬೇಕು. ಅಂಥ ಬರವಣಿಗೆ ಸಾಹಿತ್ಯವೆಂದು ಎಣಿಕೆಗೆ ಬರುವುದಿಲ್ಲ. ನಾಲ್ಕು ಪ್ರೇಮಕವನ ಬರೆದವನು ಕವಿ, ಇಡೀ ಊರಿಗೆ ಬರೆಯಲು ಕಲಿಸಿದವನು ಬರೀ ತಂತ್ರಜ್ಞ.

ಹಾಗೆಂದು ಎಲ್ಲ ಮಕ್ಕಳೂ ನೌಕರಿ ಬಿಡಲೆಂದು ನಾವು ಹೇಳುವುದಿಲ್ಲ. ಮನೆಯ ಸಾಲದ ಕಂತು ಯಾರಿಗೂ ಮುಕ್ತವಲ್ಲ. ಐರೋಲಿಯ ಪಗಾರ ಐರೋಲಿಗಿರಲಿ. ಭಾನುವಾರವನ್ನು ಅಳಿಯನಿಂದ ಕಸಿಯಬೇಡವೆಂದು ಅಕ್ಕನಿಗೆ ಹೇಳಿದ್ದೇವೆ.

ಲಾಭ ನಮ್ಮ ಮನೆಗೇ ಬರುತ್ತಿದೆ. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಕಲಿತ ನಮ್ಮ ಮೊಮ್ಮಕ್ಕಳಿಗೆ ಕಾಪಿಪುಸ್ತಕದಲ್ಲಿ ಕನ್ನಡ ಬರೆಯಲು ಕೈ ಓಡದು. ಆದರೆ ಅಜ್ಜಿಯೊಡನೆ ಆಡಿದ ಮಾತನ್ನು ಕೀಲಿಗಳಲ್ಲಿ ಒತ್ತಬಲ್ಲರು. ಹೋದ ಯುಗಾದಿಗೆ ಕಲ್ಯಾಣದ ಮೊಮ್ಮಗಳು ನಾಲ್ಕು ಸಾಲು ಕಳಿಸಿದ್ದಳು. ಎಲ್ಲ ಸರಿಯಿತ್ತು, ಮಹಾಪ್ರಾಣಗಳಿಗೆ ಮಾತ್ರ ಶಿಫ್ಟ್ ಒತ್ತುವುದನ್ನು ಮರೆತಿದ್ದಳು.