ಮುಂಬರುವ ಕಾಲದ ಕಥೆಗಳೂ ನಮ್ಮ ಮನೆಯ ಮಾತೂ

2024ರ ದಸರೆಯ ರಜೆಗೆ ನಮ್ಮ ತಂಗಿಯ ಮಗ ಬೆಂಗಳೂರಿನಿಂದ ಅಮೃತೂರಿನ ನಮ್ಮ ಮನೆಗೆ ಬಂದಿದ್ದ. ಎಂಟನೆಯ ತರಗತಿಯ ಹುಡುಗ, ಚುರುಕು ಬುದ್ಧಿ. ಬಂದ ದಿನ ಸಂಜೆಯೇ ಆ ವರ್ಷ ಬಿಡುಗಡೆಯಾಗಿದ್ದ ‘ಡ್ಯೂನ್’ ಚಿತ್ರದ ಎರಡನೆಯ ಭಾಗವನ್ನು ಇಂಗ್ಲಿಷಿನಲ್ಲಿ ಹಾಕಿಕೊಂಡು ಟಿ.ವಿ.ಯ ಮುಂದೆ ಕುಳಿತ. ಪೂಜೆ ಮುಗಿಸಿ ಬಂದ ನಮ್ಮ ತಾಯಿಯವರು ಮೊಮ್ಮಗನ ಪಕ್ಕದಲ್ಲಿ ಕುಳಿತು, ಸ್ವಲ್ಪ ಹೊತ್ತು ನೋಡಿ ಕೇಳಿದರು:

“ಏನಪ್ಪಾ ಇದು, ಬರೀ ಮರಳೇ ಕಾಣ್ತದಲ್ಲ? ಇವರೆಲ್ಲ ಯಾರು?”

“ಅದು ಬೇರೆ ಪ್ಲಾನೆಟ್ ಅಜ್ಜಿ. ಅಲ್ಲಿ ವಾಟರ್ ಇಲ್ಲ. ಇವರು ಅದನ್ನ... ಅಂದ್ರೆ...” ಹುಡುಗ ತಡವರಿಸಿದ. ಅವನಿಗೆ ಕಥೆ ತಿಳಿದಿತ್ತು, ಹೇಳುವ ಮನಸ್ಸೂ ಇತ್ತು. ಮಾತು ಮಾತ್ರ ಒದಗಲಿಲ್ಲ. “ಹೇಳೋದು ಕಷ್ಟ ಬಿಡಿ ಅಜ್ಜಿ” ಎಂದುಬಿಟ್ಟ. “ನಿಮ್ಮ ಕಾಲದ್ದು ನಮಗೆಲ್ಲಿ ತಿಳೀಬೇಕು” ಎಂದು ತಾಯಿಯವರು ಎದ್ದು ಒಳಗೆ ಹೋದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಇಂತಹ ಚಿತ್ರಗಳ ವಿಷಯದಲ್ಲಿ ಹಿರಿಯರು ಸಾಮಾನ್ಯವಾಗಿ ಆಡುವ ಆಕ್ಷೇಪಣೆ ಒಂದೇ: ಎಲ್ಲವೂ ಸುಳ್ಳು, ಮಕ್ಕಳ ತಲೆ ಕೆಡಿಸುವಂಥವು. ಈ ಮಾತನ್ನು ನಾವು ಒಪ್ಪಲಾರೆವು. ಅದ್ಭುತವೆಂಬುದು ನಮ್ಮ ಮನೆಗಳಿಗೆ ಹೊರಗಿನದಲ್ಲ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಪಾರ್ವತಿಯ ತಾಮಸಕಳೆಯೇ ಮಾಯೆಯಾಗಿ ಬನವಸೆಯಲ್ಲಿ ಹುಟ್ಟಿ ಅಲ್ಲಮನನ್ನು ಗೆಲ್ಲಲು ಹೊರಡುತ್ತಾಳೆ. ಗೋರಕ್ಷನ ವಜ್ರಕಾಯಕ್ಕೆ ತಾಗಿದ ಕತ್ತಿ ಸದ್ದುಮಾಡಿದರೆ, ಪ್ರಭುವಿನ ದೇಹದಲ್ಲಿ ಅದೇ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ನೆರೆಯ ಗುಬ್ಬಿಯ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ನಮ್ಮ ಹಿರಿಯರು ಬೆರಗಾಗಿ ನೋಡಿದರಲ್ಲದೆ ಯಾರ ತಲೆಯೂ ಕೆಡಲಿಲ್ಲ. ಆ ಬೆರಗನ್ನು ಮನೆಮಂದಿಯೆಲ್ಲ ಒಂದೇ ಮಾತಿನಲ್ಲಿ ಹಂಚಿಕೊಂಡಿದ್ದರು. ಇಂದು ಕಳೆದುಹೋಗುತ್ತಿರುವುದು ಅದೇ.

ಮರುದಿನ ನಾವೇ ‘ಕಲ್ಕಿ 2898 ಎಡಿ’ ಚಿತ್ರವನ್ನು ಹಾಕಿದೆವು. 2024ರ ಜೂನ್‌ನಲ್ಲಿ ಬಂದ ಈ ತೆಲುಗು ಚಿತ್ರಕ್ಕೆ ಕನ್ನಡದ ಧ್ವನಿಯೂ ಇತ್ತು. ತಾಯಿಯವರು ಮತ್ತೆ ಬಂದು ಕುಳಿತರು. ಅಶ್ವತ್ಥಾಮನನ್ನು ಕಂಡೊಡನೆ ಗುರುತು ಹಿಡಿದು, ಅವನಿಗೆ ಶಾಪ ಬಂದದ್ದೇಕೆಂದು ಮೊಮ್ಮಗನಿಗೆ ತಾವೇ ವಿವರಿಸಿದರು. ಕೆಳಗೆ ಎಲ್ಲವೂ ಬತ್ತಿಹೋದ ಕಾಶಿ. ಮೇಲೆ ಆಕಾಶದಲ್ಲಿ ಸಕಲ ಸಂಪತ್ತನ್ನೂ ಬಾಚಿಟ್ಟುಕೊಂಡ ನಗರ. ಅದನ್ನು ದಿಟ್ಟಿಸಿ ನೋಡಿ ಹೇಳಿದರು: “ಇದು ಮುಂದೆ ಬರೋ ಕಾಲ ಅಲ್ಲ ಕಣೋ ಮಗಾ, ಹಿಂದಿನಿಂದ ಇದ್ದದ್ದೇ. ಮೇಲಿನೋರಿಗೆ ಎಲ್ಲ, ಕೆಳಗಿನೋರಿಗೆ ಏನಿಲ್ಲ. ಅದಕ್ಕೇ ಅಲ್ವ ಬಸವಣ್ಣೋರು ಬಂದಿದ್ದು?” ಹುಡುಗ ಚಿತ್ರವನ್ನು ನಿಲ್ಲಿಸಿ ಅಜ್ಜಿಯ ಮುಖ ನೋಡಿದ. ಈ ಚಿತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಎಲ್ಲಿಯೂ ಓದಲಿಲ್ಲ.

ಆ ವಾರವೇ ಅವನನ್ನು ಮಾರ್ಕೋನಹಳ್ಳಿ ಜಲಾಶಯಕ್ಕೆ ಕರೆದುಕೊಂಡು ಹೋದೆವು. ಶಿಂಷಾ ನದಿಗೆ ಅಡ್ಡಲಾಗಿರುವ ಈ ಅಣೆಕಟ್ಟು ನಮ್ಮ ಕುಣಿಗಲ್ ತಾಲ್ಲೂಕಿನದೇ. “ಕಟ್ಟೆ ತುಂಬಿದಾಗ ಬಾಗಿಲು ಯಾರು ತೆಗೀತಾರೆ ಮಾವ?” ಎಂದು ಕೇಳಿದ. ಯಾರೂ ತೆಗೆಯುವುದಿಲ್ಲ. ಮೈಸೂರು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್ ಇಲ್ಲಿದೆ. ನೀರು ಗೊತ್ತಾದ ಮಟ್ಟ ಮೀರಿದರೆ, ಗುಮ್ಮಟದೊಳಗಿನ ಲಾಳಿಕೆಯಂಥ ಬಾಯಿಗೆ ಸುಳಿಸುತ್ತುತ್ತ ಇಳಿಯುತ್ತದೆ. ಆ ಸುಳಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಹೋದೊಡನೆ ಕೊಳವೆ ತಾನೇ ನೀರನ್ನು ಸೆಳೆದು ಹೊರಗೆ ಚೆಲ್ಲುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳಹೊಕ್ಕು ಹರಿವು ನಿಲ್ಲುತ್ತದೆ. ಮಾಯೆಯ ಕಥೆ ‘ಆಹಾ’ ಎನ್ನಿಸುತ್ತದೆ. ವಿಜ್ಞಾನದ ಕಥೆ ‘ಆಹಾ’ ಎನ್ನಿಸಿದ ಮೇಲೆ ‘ಹೇಗೆ?’ ಎಂದೂ ಕೇಳಿಸುತ್ತದೆ. ಎರಡರ ಅಂತರವನ್ನು ಅಲ್ಲಿಯೇ ಅವನಿಗೆ ತಿಳಿಸಿದೆವು. ‘ಹೇಗೆ’ ಎಂಬುದನ್ನು ಅರಿಯದಿದ್ದರೆ ಆಗುವ ಕೇಡೂ ಸಣ್ಣದಲ್ಲ. 2025ರ ಅಕ್ಟೋಬರ್‌ನಲ್ಲಿ ಇದೇ ಜಲಾಶಯದ ಕೆಳಗೆ ನೀರಿಗಿಳಿದವರು ಏಕಾಏಕಿ ಹೆಚ್ಚಿದ ಹರಿವಿಗೆ ಸಿಲುಕಿ ಕೊಚ್ಚಿಹೋದ ದುರಂತವನ್ನು ನಮ್ಮ ಸೀಮೆ ಮರೆಯಲಾರದು.

ಮನೆಗೆ ಬಂದವನು ಅಜ್ಜಿಯ ಮುಂದೆ ಒಂದು ಚೊಂಬು, ಒಂದು ಲಾಳಿಕೆ ಇಟ್ಟುಕೊಂಡು ಸೈಫನ್ನಿನ ಕಥೆಯನ್ನೆಲ್ಲ ಕನ್ನಡದಲ್ಲಿಯೇ ಹೇಳಿದ. ಸುಳಿ, ಗಾಳಿ, ಮಟ್ಟ, ಸೆಳೆತ, ಈ ಮಾತುಗಳೆಲ್ಲ ಅವನಿಗೆ ಕಟ್ಟೆಯ ಮೇಲೆ ಸಿಕ್ಕಿದ್ದವು. ಅನಂತರ ತಾನಾಗಿಯೇ, “ಮೊನ್ನೆ ನೋಡಿದ್ರಲ್ಲ ಅಜ್ಜಿ, ಅದು ಮರಳಿನ ಲೋಕ. ಅಲ್ಲಿ ಮಳೆಯೇ ಇಲ್ಲ. ಸತ್ತವರ ಮೈಯಿಂದಲೂ ನೀರು ತೆಗೆದಿಟ್ಕೋತಾರೆ” ಎಂದು ಆರಂಭಿಸಿದ. ತಾಯಿಯವರು ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಕೇಳುತ್ತ ಕುಳಿತರು.

ಮಾತು ಒದಗಿದರೆ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿಯೇ ಹಾರುವ ಓತಿಯೊಂದರ ಹಿಂದೆ ನಮ್ಮನ್ನು ಕಾಡಿಗೆ ಕರೆದೊಯ್ದಿತು. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗಳನ್ನು ಬರೆದು ದಾರಿ ಮಾಡಿಕೊಟ್ಟರು. 2024ರ ಮಾರ್ಚ್‌ನಲ್ಲಿ ಬಂದ ‘ಬ್ಲಿಂಕ್’ ಕಾಲದಲ್ಲಿ ಪಯಣಿಸುವ ಯುವಕನ ಕಥೆ. ಅದೇ ಡಿಸೆಂಬರ್‌ನಲ್ಲಿ ತೆರೆಕಂಡ ಉಪೇಂದ್ರರ ‘ಯುಐ’ 2040ರ ಲೋಕವನ್ನು ಊಹಿಸುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2024ರಲ್ಲಿ ಧಾರಾವಾಹಿಯಾಗಿ ಬಂದು ಹೆಸರು ಮಾಡಿದ ‘ತ್ರೀ ಬಾಡಿ ಪ್ರಾಬ್ಲಮ್’ನ ಮೂಲ ಕಾದಂಬರಿಯನ್ನು ಲಿಯು ಸಿಶಿನ್ ಬರೆದದ್ದು ಚೀನೀ ಭಾಷೆಯಲ್ಲಿ. ಇಂಗ್ಲಿಷಿಗೆ ಅನುವಾದವಾದ ಮೇಲೆ 2015ರಲ್ಲಿ ಅದು ಹ್ಯೂಗೋ ಪ್ರಶಸ್ತಿ ಪಡೆಯಿತು. ತಾಯಿನುಡಿಯಲ್ಲಿ ಬರೆದವನನ್ನೂ ಲೋಕ ಹುಡುಕಿಕೊಂಡು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಪಂಡಿತರ ಭಾಷೆಯಲ್ಲಿ ಬಂಧಿಯಾಗಿದ್ದ ಘನವಾದ ಚಿಂತನೆಯನ್ನು ದುಡಿಯುವ ಜನರ ಕನ್ನಡಕ್ಕೆ ಇಳಿಸಿದರು. ಆ ಪರಂಪರೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳು ಗ್ರಹ ನಕ್ಷತ್ರಗಳ ಮಾತನ್ನು ಅಜ್ಜಿಗೆ ಹೇಳಲಾರದೆ ತಡವರಿಸಬೇಕೆ? ತಾಯಂದಿರಲ್ಲಿ, ತಂದೆಯರಲ್ಲಿ ನಮ್ಮ ವಿನಂತಿ ಇಷ್ಟೇ: ಇಂತಹ ಚಿತ್ರಗಳನ್ನು ಬೇಡವೆನ್ನಬೇಡಿ. ಪಕ್ಕದಲ್ಲಿ ಕುಳಿತು ನೋಡಿ. ಕನ್ನಡದ ಧ್ವನಿಯಿದ್ದರೆ ಅದನ್ನೇ ಹಾಕಿ. ಇಲ್ಲವಾದರೆ ಮುಗಿದ ಮೇಲೆ ಕಥೆಯನ್ನು ಮನೆಯ ಹಿರಿಯರಿಗೆ ಹೇಳುವಂತೆ ಮಕ್ಕಳನ್ನು ಕೇಳಿ. ಮೊದಮೊದಲು ತಡವರಿಸುತ್ತಾರೆ. ಕಾಯೋಣ.